ಮಳೆ ಹಾಕಿದರೆ ನಿಲ್ಲುತ್ತಿದ್ದ ಲ್ಯಾಪ್‌ಟಾಪ್

ಭಾವ ತಾವಾಗಿ ನನಗೆ ಫೋನ್ ಮಾಡಿದ್ದು ಮೂರು ವರ್ಷಗಳಲ್ಲಿ ಅದೇ ಮೊದಲು. ನಾನು ಹೊನ್ನಾವರದ ನನ್ನ ರಿಪೇರಿ ಅಂಗಡಿಯಲ್ಲಿ ಯಾರದ್ದೋ ಪ್ರಿಂಟರ್ ಬಿಚ್ಚಿಕೊಂಡು ಕೂತಿದ್ದೆ. ಅವರ ನಂಬರ್ ಕಂಡದ್ದೇ ಅಕ್ಕನಿಗೆ ಏನಾಯಿತೆಂದೇ ಮೊದಲು ಕೇಳಿದೆ.

"ಎಂತಾ ಇಲ್ಲ ಮಾರಾಯ," ಎಂದರು. "ಈ ಲ್ಯಾಪ್‌ಟಾಪ್ ಒಂಚೂರು ನೋಡೂಕೆ ಆಗ್ತದಾ? ಗೇಮ್ ಆಡೂಕೆ ಕೂತ್ರೆ ನಿಂತ್ ನಿಂತ್ ಹೋಗ್ತದೆ."

"ಎಂತ ಗೇಮ್ ಭಾವ?"

"ಲಾರಿ ಓಡ್ಸೂದು. ಗೇಮೊಳಗೆ ಬಿಸಿಲಿದ್ರೆ ಅಡ್ಡಿಲ್ಲ. ಮಳೆ ಹಾಕಿದ್ರೆ ನಿಂತೇ ಹೋಗ್ತದೆ."

ಆ ಮನುಷ್ಯ ಇಂಥದ್ದೊಂದು ಬೇಕು ಎಂದು ಯಾರನ್ನೂ ಕೇಳದೆ ಎಷ್ಟು ಕಾಲವಾಗಿತ್ತೆಂದರೆ, ನಾನು ಪ್ರಿಂಟರನ್ನು ಹಾಗೇ ಬಿಟ್ಟು ಮೂರೂವರೆಯ ಬಸ್ಸಿಗೆ ಕುಮಟೆಗೆ ಹೊರಟೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಇಪ್ಪತ್ತೆರಡು ವರ್ಷ ಮೀನಿನ ಲಾರಿ ಓಡಿಸಿದವರು. ಬೆಳಗಿನ ಜಾವ ಹೊನ್ನಾವರ ಬಂದರಿನಲ್ಲಿ ಮೀನು ತುಂಬಿಕೊಂಡು, ಮೇಲೆ ಮಂಜುಗಡ್ಡೆಯ ಪುಡಿ ಸುರಿಸಿಕೊಂಡು, ಕುಮಟೆ, ಕತಗಾಲ ದಾಟಿ ಘಟ್ಟ ಹತ್ತಿ ಶಿರಸಿಯ ಮಾರುಕಟ್ಟೆಗೆ ಮುಟ್ಟಿಸುವುದು ಅವರ ಕೆಲಸ. ಮೀನು ಕಾಯುವುದಿಲ್ಲ ಎನ್ನುತ್ತಿದ್ದರು. ಹಾಗಾಗಿ ಹೋಗುವಾಗ ಬೇಗ ಹೋಗುತ್ತಿದ್ದರು, ಬರುವಾಗ ನಿಧಾನವಾಗಿ ಬರುತ್ತಿದ್ದರು. ನಮಗೆಲ್ಲ ಗೊತ್ತಿದ್ದದ್ದು ಹಾಗೆ.

ಒಂದು ಮಳೆಗಾಲದ ಮಧ್ಯಾಹ್ನ ಶಿರಸಿಯಲ್ಲಿ ಮೀನು ಇಳಿಸಿ ಖಾಲಿ ಲಾರಿಯಲ್ಲಿ ಒಬ್ಬರೇ ಘಟ್ಟ ಇಳಿದು ಬರುತ್ತಿದ್ದರು. ಕತಗಾಲ ಇನ್ನೇನು ಸಿಗಬೇಕು ಎನ್ನುವಲ್ಲಿ ಒಂದು ತಿರುವು, ಅದಾದ ಕೂಡಲೇ ಒಂದು ಸಣ್ಣ ಮೋರಿ. ಮೋರಿಯ ಪಕ್ಕದ ಮಣ್ಣಿನ ದಾರಿಯಿಂದ ಮೊಪೆಡ್ ಒಂದು ಡಾಂಬರು ರಸ್ತೆಗೆ ಬಂತು, ಲಾರಿ ಅದಕ್ಕೆ ಬಡಿಯಿತು. ಅದರ ಮೇಲಿದ್ದವನು ಅಡಿಕೆ ತೋಟಗಳ ಕೂಲಿ ಕೆಲಸದವನು, ನಲವತ್ತರ ಆಸುಪಾಸಿನ ಪ್ರಾಯ. ಭಾವನೇ ಅವನನ್ನು ಎತ್ತಿ, ಹಿಂದಿನಿಂದ ಬಂದ ಕಾರಿಗೆ ಹಾಕಿ, ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಕುಮಟೆಗೆ ತಂದರು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಕೇಸಾಯಿತು. ಒಬ್ಬ ವಕೀಲರನ್ನು ಹಿಡಿದು, ಭಾವನನ್ನು ಕರೆದುಕೊಂಡು ಹೋದದ್ದು ನಾನು. ವಕೀಲರು ಕಾಗದ ಮುಂದಿಟ್ಟುಕೊಂಡು, "ಸ್ಪೀಡ್ ಎಷ್ಟಿತ್ತು?" ಎಂದು ಕೇಳಿದರು. ಭಾವ ತಮ್ಮ ಅಂಗೈ ನೋಡುತ್ತ ಕೂತಿದ್ದರು. ವಕೀಲರು ಇನ್ನೊಮ್ಮೆ ಕೇಳಿದರು. ನಾನು ಬಾಯಿ ಹಾಕಿದೆ.

"ಆ ತಿರುವಿನಲ್ಲಿ ನಲ್ವತ್ತರ ಮೇಲೆ ಯಾರು ಹೋಗ್ತರು ಸರ್? ನಲ್ವತ್ತೇ ಇರೂದು."

ವಕೀಲರು ನಲವತ್ತು ಎಂದು ಬರೆದುಕೊಂಡರು. ಭಾವ ನನ್ನ ಕಡೆ ನೋಡಲಿಲ್ಲ. ಮುಂದೆ ಕೋರ್ಟಿನಲ್ಲಿಯೂ ಅವರು ನಲವತ್ತು ಎಂದೇ ಹೇಳಿದರು. ಮಳೆಗೆ ಒಂದು ಮುಚ್ಚಿದ ಅಂಗಡಿಯ ಜಗಲಿಯಲ್ಲಿ ನಿಂತಿದ್ದ ಒಬ್ಬ, ಮೊಪೆಡ್ಡಿನವ ಆಚೀಚೆ ನೋಡದೆ ರಸ್ತೆಗೆ ಬಂದ ಎಂದು ಸಾಕ್ಷಿ ಹೇಳಿದ. ಭಾವ ಬಿಡುಗಡೆಯಾದರು. ಲಾರಿಯ ಯಜಮಾನ ಒಳ್ಳೆಯವನು, ಮರುವಾರವೇ ಕರೆದು ಕೀಲಿಕೈ ಕೊಟ್ಟ. ಭಾವ ಮೀನು ತುಂಬಿಕೊಂಡು ಹೊರಟವರು ಕತಗಾಲಕ್ಕಿಂತ ಮೊದಲೇ ಲಾರಿಯನ್ನು ಬದಿಗೆ ನಿಲ್ಲಿಸಿ, ಯಜಮಾನನಿಗೆ ಫೋನ್ ಮಾಡಿ, ಬಸ್ಸು ಹತ್ತಿ ಮನೆಗೆ ಬಂದರು. ಅದಾದ ಮೇಲೆ ಅವರು ಸ್ಟೀರಿಂಗ್ ಮುಟ್ಟಲಿಲ್ಲ. ಅಕ್ಕ ಮನೆಯಲ್ಲೇ ಹೊಲಿಗೆ ಹಾಕಿಕೊಂಡು ಸಂಸಾರ ನಡೆಸಿದಳು. ಭಾವ ಮೂರು ವರ್ಷ ಜಗಲಿಯ ಒಂದೇ ಕುರ್ಚಿಯಲ್ಲಿ ಕೂತರು.

ಲ್ಯಾಪ್‌ಟಾಪ್ ಅವರ ಮಗಳದ್ದು. ಶಾಲೆ ಕಾಲೇಜು ಎಲ್ಲ ಮುಚ್ಚಿ ಮೊಬೈಲಿನಲ್ಲೇ ಪಾಠ ನಡೆಯುತ್ತಿದ್ದ ಕಾಲದಲ್ಲಿ, ಪರದೆ ದೊಡ್ಡದಿರಲೆಂದು ಇದ್ದುದರಲ್ಲಿ ಅಗ್ಗದ್ದನ್ನು ನಾನೇ ತರಿಸಿಕೊಟ್ಟದ್ದು. ಅವಳು ನರ್ಸಿಂಗ್ ಓದಲು ಮಂಗಳೂರಿಗೆ ಹೋಗುವಾಗ ಅಪ್ಪನಿಗೆ ಹೊತ್ತು ಹೋಗಲೆಂದು ಅದರಲ್ಲಿ ಲಾರಿಯ ಆಟ ಹಾಕಿ, ಹೇಗೆ ಆಡುವುದೆಂದು ತೋರಿಸಿ ಹೋಗಿದ್ದಳು. ಪರದೇಶದ ಆಟ, ಆದರೆ ಕೇರಳದ ಯಾರೋ ಹುಡುಗರು ಅದಕ್ಕೆ ನಮ್ಮ ಕಡೆಯಂಥದೇ ಘಟ್ಟದ ರಸ್ತೆ, ನಮ್ಮ ಲಾರಿಗಳನ್ನೆಲ್ಲ ಮಾಡಿ ಸೇರಿಸಿದ್ದರು.

ನಾನು ಹೋದಾಗ ಭಾವ ಜಗಲಿಯಲ್ಲಿರಲಿಲ್ಲ. ಒಳಗೆ ಅಕ್ಕನ ಹೊಲಿಗೆ ಯಂತ್ರದ ಪಕ್ಕದ ಮೇಜಿಗೆ ಕೂತಿದ್ದರು. ಅಕ್ಕ ಚಹಾ ತಂದುಕೊಟ್ಟು ಕಣ್ಣಲ್ಲೇ ನಕ್ಕಳು. "ಈಗೀಗ ಸಮಾ ಊಟ ಮಾಡ್ತರು," ಎಂದು ಪಿಸುಗುಟ್ಟಿದಳು.

ಅಲ್ಲೇ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದೆ. ಫ್ಯಾನಿನ ಬಾಯಿಗೆ ಅಕ್ಕನ ಬಟ್ಟೆಗಳ ನೂಲು, ಧೂಳು ಸೇರಿ ಕಂಬಳಿಯ ತುಂಡಿನ ಹಾಗೆ ಕೂತಿತ್ತು. ಪ್ರೊಸೆಸರಿನ ಮೇಲಿನ, ಬಿಸಿ ಎಳೆದುಕೊಳ್ಳುವ ಪೇಸ್ಟ್ ಒಣಗಿ ಬಿರುಕು ಬಿಟ್ಟಿತ್ತು. ನಾಲ್ಕು ಜಿಬಿಯ ಒಂದೇ ರ‍್ಯಾಮ್, ಇನ್ನೊಂದು ಜಾಗ ಖಾಲಿ. ತಿರುಗುವ ಹಳೇ ಹಾರ್ಡ್‌ಡಿಸ್ಕ್. ಅದು ಮುಂದಿನ ಮರಗಿಡ ಮನೆಗಳನ್ನು ಓದಿ ಪರದೆಗೆ ತರುವಷ್ಟರಲ್ಲಿ ಲಾರಿ ಅಲ್ಲಿಗೆ ಮುಟ್ಟಿರುತ್ತಿತ್ತು. ಚಿತ್ರ ಕಲ್ಲಿನ ಹಾಗೆ ನಿಂತುಬಿಡುತ್ತಿತ್ತು.

"ಗೇಮಿಗೆ ಅಂತ ಬೇರೆ ಗ್ರಾಫಿಕ್ಸ್ ಚಿಪ್ ಇರ್ತದೆ ಭಾವ. ಇದಕ್ಕಿಲ್ಲ, ಹಾಕೂಕೂ ಬರೂದಿಲ್ಲ, ಎಲ್ಲ ಬೋರ್ಡಿಗೇ ಬೆಸೆದಿರ್ತದೆ," ಎಂದೆ. "ಆದ್ರೆ ಇನ್ನೊಂದು ರ‍್ಯಾಮ್ ಹಾಕಿ ಜೋಡಿ ಮಾಡಿದ್ರೆ ಚಿತ್ರ ಬೇಗ ಬರ್ತದೆ. ಡಿಸ್ಕ್ ತೆಗ್ದು ಎಸ್ಸೆಸ್ಡಿ ಹಾಕ್ವಾ, ಅದು ತಿರುಗೂದಿಲ್ಲ, ಬೇಗ ಓದ್ತದೆ. ಹಳೇ ಗಾಡಿ, ಆದ್ರೂ ಓಡ್ತದೆ."

"ಮಳೆ ಹಾಕೂಕೆ ಆಗ್ತದಾ?"

"ಆಗ್ತದೆ."

"ಮತ್ತೆ ಈ ಬ್ರೇಕು. ಕೀ ಒತ್ತಿದ್ರೆ ಪೂರಾ ಬ್ರೇಕ್, ಬಿಟ್ರೆ ಎಂತಾ ಇಲ್ಲ. ಲಾರಿಗೆ ಹಂಗೆ ಬ್ರೇಕ್ ಹಾಕೂದಿಲ್ಲ ಮಾರಾಯ. ಕಾಲಲ್ಲಿ ಗೊತ್ತಾಗ್ಬೇಕು."

ಮಾರನೆಯ ದಿನ ನಾನು ಭಟ್ಕಳಕ್ಕೆ ಹೋದೆ. ನನಗೆ ಬೇಕಾದ ಹಳೆ ಬಿಡಿಭಾಗಗಳು ಹೊನ್ನಾವರದಲ್ಲಿ ಸಿಗದಿದ್ದರೆ ಅಲ್ಲಿ ಸಿಗುತ್ತವೆ. ಕೊಲ್ಲಿ ದೇಶಗಳಿಂದ ರಜೆಗೆ ಬಂದವರು ತಂದು ಬಿಟ್ಟುಹೋದ ಸಾಮಾನು ಅಲ್ಲಿಯ ಅಂಗಡಿಗಳಲ್ಲಿ ರಾಶಿ ಬಿದ್ದಿರುತ್ತದೆ. ನನಗೆ ಪರಿಚಯದ ಅಂಗಡಿಯವರು ಫೋನಿನಲ್ಲಿ ತಮ್ಮ ನವಾಯತಿ ಭಾಷೆಯಲ್ಲಿ ಯಾರೊಡನೆಯೋ ಮಾತಾಡುತ್ತಿದ್ದರು. ಮಾತು ಮುಗಿಸಿ ನನ್ನ ಚೀಟಿ ನೋಡಿದರು.

"ಇಷ್ಟು ಹಳೇದಕ್ಕೆ ಇಷ್ಟೆಲ್ಲ ಹಾಕ್ತೀರಾ? ಯಾರು ಆಡೋದು, ಮಗನಾ?"

"ನಮ್ಮ ಭಾವ. ಐವತ್ತಾರು ವರ್ಷ. ಲಾರಿ ಡ್ರೈವರ್ ಆಗಿದ್ದವ್ರು, ಈಗ ಮನೇಲಿದ್ದಾರೆ."

ಅವರು ಎದ್ದು ಒಳಗೆ ಹೋದರು. ಹಳೆಯ ರಟ್ಟಿನ ಪೆಟ್ಟಿಗೆಯೊಂದನ್ನು ತಂದು ಮೇಜಿನ ಮೇಲಿಟ್ಟರು. ಒಳಗೆ ಆಟಕ್ಕೆ ಜೋಡಿಸುವ ಸ್ಟೀರಿಂಗ್, ಎರಡು ಪೆಡಲ್. "ದುಬೈಯಿಂದ ಬಂದದ್ದು. ಬ್ರೇಕ್ ಸ್ವಲ್ಪ ಗಟ್ಟಿ ಉಂಟು, ಕಾಲಿಟ್ಟು ನೋಡಿ," ಎಂದರು. ನಾನು ಅಂಗಡಿಯಲ್ಲೇ ಚಪ್ಪಲಿ ಬಿಟ್ಟು ಒತ್ತಿ ನೋಡಿದೆ. ನಿಜವಾದ ಬ್ರೇಕಿನ ಹಾಗೇ ಕೊನೆಗೆ ಬಂದಷ್ಟೂ ಬಿಗಿಯಾಗುತ್ತಿತ್ತು. ಭಾವನಿಗೆ ಖುಷಿಯಾಗುತ್ತದೆ ಎಂದುಕೊಂಡು ಅದನ್ನೂ ತೆಗೆದುಕೊಂಡೆ. ಬಸ್ಸಿನಲ್ಲಿ ಆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮುರ್ಡೇಶ್ವರ ದಾಟುವಾಗ ನನಗೆ ನನ್ನ ಬಗ್ಗೆಯೇ ಹೆಮ್ಮೆಯೆನಿಸಿತ್ತು. ಅದನ್ನು ನೆನೆದರೆ ಈಗಲೂ ಮುಜುಗರವಾಗುತ್ತದೆ.

ಭಾನುವಾರ ಪೂರ್ತಿ ಆ ಕೆಲಸಕ್ಕೇ ಹೋಯಿತು. ಫ್ಯಾನ್ ಸ್ವಚ್ಛ ಮಾಡಿ, ಹೊಸ ಪೇಸ್ಟ್ ಹಚ್ಚಿ, ರ‍್ಯಾಮ್ ಕೂರಿಸಿ, ಹಳೆಯ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಹೊಸದಕ್ಕೆ ಇಳಿಸಿದೆ. ಬಿಸಿಯಾಗದಿರಲೆಂದು ಕೆಳಗೆ ಎರಡು ಮರದ ತುಂಡು ಕೊಟ್ಟು ಎತ್ತರಿಸಿದೆ. ಸ್ಟೀರಿಂಗನ್ನು ಮೇಜಿಗೆ ಬಿಗಿದೆ. ಭಾವ ಕುರ್ಚಿ ಎಳೆದು ಕೂತು, ಎಷ್ಟೋ ಹೊತ್ತು ಪೆಡಲುಗಳ ಜಾಗ ಆಚೀಚೆ ಮಾಡಿ ಕಾಲಿಗೆ ಸರಿ ಹೊಂದಿಸಿಕೊಂಡರು. ಮಳೆ ಹಾಕಿದೆ. ಗಾಜಿನ ಮೇಲೆ ಹನಿ ಬಿದ್ದವು, ವೈಪರ್ ಆಡಿತು, ಲಾರಿ ಎಲ್ಲೂ ನಿಲ್ಲದೆ ಘಟ್ಟ ಇಳಿಯಿತು. ನಾನು ಅವರ ಮುಖ ನೋಡಿದೆ. ಅಲ್ಲಿ ನಗುವಿರಲಿಲ್ಲ.

"ಆತು," ಎಂದರು. "ನೀ ಇನ್ನು ಹೊರಡು. ಬಸ್ಸು ತಪ್ತದೆ."

ಹದಿನೈದು ದಿನ ಕಳೆದಿರಬೇಕು, ಅಕ್ಕ ಫೋನ್ ಮಾಡಿದಳು.

"ನೀ ಎಂತ ಹಾಕಿದ್ದೆ ಅದ್ರೊಳಗೆ?" ಎಂದು ಕೇಳಿದಳು. ಮೊದಲು ನನಗೆ ಅರ್ಥವಾಗಲಿಲ್ಲ. "ಮೊದ್ಲು ಆಡ್ತಿರ್ಬೇಕಾರೆ ಮನುಷ್ಯನ ಹಂಗಿದ್ರು. ಮಾತಾಡ್ತಿದ್ರು, ಉಣ್ತಿದ್ರು. ನೀ ರಿಪೇರಿ ಮಾಡಿ ಹೋದ್ಮೇಲೆ ಅನ್ನದ ಮುಂದೆ ಕೂತ್ರೆ ಕೂತೇ ಇರ್ತರು. ಬಂದು ನೋಡು ಒಂದ್ಸಲ."

ಹೋದೆ. ಬೆಳಗಿನ ಹೊತ್ತು, ಭಾವ ಆಡುತ್ತಿದ್ದರು. ನಾನು ಬಂದದ್ದು ಗೊತ್ತಾದರೂ ತಿರುಗಲಿಲ್ಲ. ಅವರ ಹಿಂದೆ ಅಕ್ಕನ ಹೊಲಿಗೆಯ ಸ್ಟೂಲಿನ ಮೇಲೆ ಕೂತು ನೋಡತೊಡಗಿದೆ. ಮಳೆ ಸುರಿಯುತ್ತಿತ್ತು. ಖಾಲಿ ಲಾರಿ. ಒಂದು ಘಟ್ಟದ ಕೊನೆಯ ಇಳಿಜಾರು, ಆಮೇಲೆ ಎಡಕ್ಕೆ ಒಂದು ತಿರುವು, ತಿರುವು ಕಳೆದ ಕೂಡಲೇ ರಸ್ತೆ ಬದಿಗೆ ಬಿಳಿ ಬಣ್ಣ ಬಳಿದ ಒಂದು ಗೂಟಕಲ್ಲು. ಕಲ್ಲು ಕಣ್ಣಿಗೆ ಬೀಳುತ್ತಲೇ ಭಾವ ಬ್ರೇಕ್ ಒತ್ತಿದರು. ಲಾರಿಯ ಹಿಂಬದಿ ಒಂದಿಷ್ಟು ಜಾರಿ, ಕಲ್ಲಿಗಿಂತ ಎರಡು ಮಾರು ಹಿಂದೆ ನಿಂತಿತು. ಮುಂದೆ ಹೋಗಲಿಲ್ಲ. ಆಟವನ್ನು ಹಿಂದಕ್ಕೆ ಕೊಂಡುಹೋಗಿ ಮತ್ತೆ ಇಳಿಜಾರಿನ ಮೇಲಿಂದಲೇ ಶುರು ಮಾಡಿದರು. ಮತ್ತೆ ಅದೇ ತಿರುವು, ಅದೇ ಕಲ್ಲು. ಆರು ಸಲವೋ ಏಳು ಸಲವೋ ಹೀಗೇ ಆಯಿತು. ಪ್ರತಿ ಸಲ ನಿಂತಾಗಲೂ ಪಕ್ಕದಲ್ಲಿದ್ದ ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಒಂದು ಗೀಟು ಎಳೆಯುತ್ತಿದ್ದರು. ಹಾಳೆಯಲ್ಲಿ ಮೂವತ್ತು, ನಲವತ್ತು, ಐವತ್ತು, ಅರವತ್ತು ಎಂದು ಬರೆದು ಒಂದೊಂದರ ಮುಂದೆಯೂ ಗೀಟುಗಳಿದ್ದವು.

ನನಗೆ ಆಗ ತಿಳಿಯಿತು. ಆ ಅಂಕಿಗಳು ಸ್ಪೀಡಿನವು, ಆ ಕಲ್ಲು ಕತಗಾಲದ ಮೋರಿ.

"ಭಾವ, ಇದು ಗೇಮು," ಎಂದೆ. "ಇದ್ರ ಬ್ರೇಕು, ಮಳೆ ಎಲ್ಲ ಯಾರೋ ಎಲ್ಲೋ ಕೂತು ಮಾಡಿದ್ದು. ನಿಜವಾದ ಲಾರಿಗೂ ಇದಕ್ಕೂ ಎಂತ ಸಂಬಂಧ?"

"ಗೊತ್ತದೆ ನಂಗೆ," ಎಂದರು. ಸ್ಟೀರಿಂಗಿನಿಂದ ಕೈ ತೆಗೆಯಲಿಲ್ಲ. "ಮೊದ್ಲು ಆ ಕಲ್ಲು ಬರೂ ಹೊತ್ತಿಗೆ ಇದು ನಿಂತೋಗ್ತಿತ್ತು. ಮತ್ತೆ ಚಿತ್ರ ಬರೂವಾಗ ನಾ ಕಲ್ಲು ದಾಟಿ ಹೋಗಿರ್ತಿದ್ದೆ. ನಲ್ವತ್ತಕ್ಕೆ ಹೋದ್ರೂ ಅಷ್ಟೇ, ಮೂವತ್ತಕ್ಕೆ ಹೋದ್ರೂ ಅಷ್ಟೇ. ಹಂಗಾರೆ ಯಾರು ಓಡ್ಸಿದ್ರೂ ಅಷ್ಟೇ, ಆಗೂದು ಆಗೇ ಆಗ್ತಿತ್ತು ಅಂದ್ಕಂಡೆ. ಒಂಥರಾ ಸಮಾಧಾನ ಆಗ್ತಿತ್ತು ಮಾರಾಯ."

"ಈಗ?"

"ಈಗ ನಲ್ವತ್ತಕ್ಕೆ ನಿಲ್ತದೆ. ಎಲ್ಲ ಸಲನೂ ನಿಲ್ತದೆ."

ಅಕ್ಕ ಬಾಗಿಲಲ್ಲಿ ನಿಂತಿದ್ದಳು.

"ಎಷ್ಟಿತ್ತು ಭಾವ, ಅವತ್ತು?" ಎಂದು ಕೇಳಿದೆ. ವಕೀಲರ ಮುಂದೆ ಕೇಳಬೇಕಾಗಿದ್ದ ಪ್ರಶ್ನೆ.

"ಅರವತ್ತರ ಮೇಲೆ." ಸ್ಟೀರಿಂಗಿನಿಂದ ಕೈ ತೆಗೆದರು. "ಅವಸರ ಎಂತದೂ ಇತ್ತಿಲ್ಲ. ಖಾಲಿ ಗಾಡಿ, ಹಗುರ ಇತ್ತು, ಸುಮ್ನೆ ಬಿಟ್ಟೆ. ಒಂದು ಕಾರಣ ಆದ್ರೂ ಇದ್ದಿದ್ರೆ ಹೇಳ್ತಿದ್ದೆ."

ಆಮೇಲೆ ಅವರು ಒಂದೇ ಮಾತು ಹಿಡಿದರು: ಕತಗಾಲಕ್ಕೆ ಹೋಗಿ ಸತ್ತವನ ಮನೆಯವರಿಗೆ ನಿಜ ಹೇಳಬೇಕು. ಅಕ್ಕ ಮೊದಲು ಬೇಡಿಕೊಂಡಳು, ಆಮೇಲೆ ಬೈದಳು.

"ಮುಗ್ದದ್ದನ್ನ ಕೆದ್ಕೂದು ಯಾಕೆ? ಕೋರ್ಟಲ್ಲೂ ಮುಗೀತು, ಅವ್ರಿಗೆ ವಿಮೆಯವ್ರು ಕೊಟ್ಟದ್ದೂ ಆತು. ಹೋದವ ಬರ್ತನಾ? ಮಗಳ ಬಗ್ಗೆ ಆದ್ರೂ ಯೋಚ್ನೆ ಬ್ಯಾಡ್ವಾ?"

"ಅವ್ರು ಇವತ್ತಿಗೂ ಅವಂದೇ ತಪ್ಪು ಅಂದ್ಕಂಡು ಇರ್ತರು," ಎಂದರು ಭಾವ.

ನಾನು ಯಾರ ಪರವಾಗಿಯೂ ಮಾತಾಡಲಿಲ್ಲ. ಒಬ್ಬರನ್ನೇ ಕಳಿಸುವುದು ಬೇಡವೆಂದು ಜೊತೆಗೆ ಹೊರಟೆ, ಅಷ್ಟೇ.

ಮೇ ತಿಂಗಳ ಬಿಸಿಲು. ಕತಗಾಲ ದಾಟಿದ ಮೇಲೆ ಕಂಡಕ್ಟರಿಗೆ ಹೇಳಿ ಆ ಮೋರಿಯ ಹತ್ತಿರವೇ ಇಳಿಯಬೇಕಾಯಿತು. ಸತ್ತವನ ಮನೆಯ ದಾರಿ ಅದೇ ಮಣ್ಣಿನ ದಾರಿ. ಭಾವ ರಸ್ತೆಯ ಕಡೆ ತಿರುಗಿ ನೋಡದೆ ನಡೆದರು. ಹತ್ತು ನಿಮಿಷ ನಡೆದರೆ ಒಂದು ಹಂಚಿನ ಮನೆ. ಅಂಗಳದ ತುಂಬ ಮುರುಗಲು ಹಣ್ಣಿನ ಸಿಪ್ಪೆ ಒಣಗಿಸಲು ಹರವಿತ್ತು; ಅದರ ಹುಳಿ ವಾಸನೆ ದಾರಿಯ ತನಕ ಬರುತ್ತಿತ್ತು. ಸತ್ತವನ ಹೆಂಡತಿ ಕೈಯೆಲ್ಲ ಕೆಂಪು ಮಾಡಿಕೊಂಡು ಸಿಪ್ಪೆ ತಿರುವಿ ಹಾಕುತ್ತಿದ್ದಳು. ಭಾವನ ಗುರುತು ಅವಳಿಗೆ ಕೂಡಲೇ ಹತ್ತಿತು, ಕೋರ್ಟಿನಲ್ಲಿ ನೋಡಿದ್ದಳಲ್ಲ. ಎದ್ದು ನಿಂತಳು. ಬನ್ನಿ ಎನ್ನಲಿಲ್ಲ.

ಭಾವ ಅಂಗಳದ ಅಂಚಿನಲ್ಲೇ ನಿಂತು ಹೇಳಿದರು. "ಅವತ್ತು ನಾ ಕೋರ್ಟಲ್ಲಿ ಹೇಳಿದ್ದು ಸುಳ್ಳು. ನಲ್ವತ್ತು ಇತ್ತಿಲ್ಲ. ಅರವತ್ತರ ಮೇಲೆ ಇತ್ತು. ನಿಧಾನ ಬಂದಿದ್ರೆ ನಿಲ್ತಿತ್ತು. ನಿಮ್ಮನೆಯವ್ರದ್ದು ತಪ್ಪಿತ್ತಿಲ್ಲ."

ಅವಳು ಸೆರಗಿಗೆ ಕೈ ಒರೆಸಿಕೊಂಡಳು, ಕೆಂಪು ಹೋಗಲಿಲ್ಲ.

"ನಾ ಅವ್ರಿಗೇ ಬೈತಾ ಬಂದೆ," ಎಂದಳು. "ಒಂಚೂರು ನೋಡ್ಕಂಡು ಹೋಗೂಕೆ ಎಂತ ಆಗಿತ್ತು ನಿಮ್ಗೆ ಅಂತ. ಮಗ ಒಂದ್ ದಿನ ಅಪ್ಪನ ಹೆಸರು ಎತ್ತಿದ್ರೂ, ನೋಡದೆ ಹೋಗಿ ಸತ್ತ ಅಂದೆ. ಮೂರು ವರ್ಷ ಅಂದೆ." ಅವಳ ದನಿ ಏರಲಿಲ್ಲ. "ಈಗ ಇದ್ನ ತಕಂಡು ನಾ ಎಂತ ಮಾಡೂದು?"



ಜಗಲಿಯ ಮೂಲೆಯಲ್ಲಿ ಒಬ್ಬ ಮುದುಕಿ ಕಾಲು ಚಾಚಿ ಕೂತಿದ್ದಳು, ಸತ್ತವನ ತಾಯಿ. ಅವಳಿಗೆ ಕಿವಿ ದೂರ. "ಯಾರೇ ಅದು? ಎಂತ ಹೇಳ್ತರು?" ಎಂದು ಕೇಳಿದಳು.

ಸೊಸೆ ಭಾವನನ್ನು ನೋಡಿ, "ಹೇಳಿ ಅವ್ರಿಗೆ. ದೊಡ್ಡಕೆ ಹೇಳ್ಬೇಕು, ಕೇಳೂದಿಲ್ಲ," ಎಂದಳು.

ಭಾವ ಜಗಲಿಯ ಹತ್ತಿರ ಹೋಗಿ ಹೇಳಿದರು. ಮುದುಕಿಗೆ ಕೇಳಲಿಲ್ಲ, ಕೈಯನ್ನು ಕಿವಿಗೆ ಕೊಟ್ಟಳು. ಇನ್ನೂ ಗಟ್ಟಿಯಾಗಿ ಹೇಳಿದರು. ಅವಳು ಸೊಸೆಯ ಮುಖ ನೋಡಿದಳು. ಮೂರನೆಯ ಸಲ ಭಾವ ಕೂಗಿ ಹೇಳಬೇಕಾಯಿತು, ಸಂತೆಯಲ್ಲಿ ಕೂಗಿದ ಹಾಗೆ: "ನಿಮ್ಮ ಮಗನ ಮೇಲೆ ಲಾರಿ ಹಾಕಿದ್ದು ನಾನು. ಜೋರು ಬಂದಿದ್ದೆ. ಅವಂದು ತಪ್ಪಲ್ಲ." ಆಚೆ ಮನೆಯ ಬೇಲಿಯ ಹತ್ತಿರ ಇಬ್ಬರು ಹೆಂಗಸರು ಕೆಲಸ ನಿಲ್ಲಿಸಿ ನಿಂತರು.

ನಾನು ಬಾವಿಕಟ್ಟೆಯ ಪಕ್ಕ ನಿಂತಿದ್ದೆ. ನಲವತ್ತು ಎಂದು ಮೊದಲು ಹೇಳಿದವನು ನಾನು ಎಂದು ಆಗ ಹೇಳಬಹುದಿತ್ತು. ಬಾಯಿಗೆ ಬಂತು ಕೂಡ. ಹೇಳಲಿಲ್ಲ. ಒಬ್ಬ ಮನುಷ್ಯ ಅಷ್ಟು ಹೊತ್ತು ಅಂಗಳದಲ್ಲಿ ನಿಂತು ಕೂಗುತ್ತಿದ್ದಾಗ ನಾನು ಬಾವಿಯ ನೀರು ನೋಡುತ್ತಿದ್ದೆ.

ಮುದುಕಿಗೆ ಕೊನೆಗೆ ಕೇಳಿಸಿತು. ತಲೆ ಆಡಿಸಿದಳು. "ಅಂವ ಎರಡೂ ಬದಿ ನೋಡೂವನೇ," ಎಂದಳು. "ಸಣ್ಣಿದ್ದಾಗಿಂದ." ಭಾವ ಅವಳ ಕಾಲಿನ ಹತ್ತಿರ ಬಗ್ಗಿದರು, ಅವಳು ಕಾಲು ಮಡಿಚಿಕೊಂಡಳು.

"ಇನ್ನು ಹೋಗಿ," ಎಂದಳು ಹೆಂಡತಿ. "ಮಗ ಬರೂ ಹೊತ್ತಾತು. ಅವನಿಗೆ ನಾ ಹೇಳ್ತೆ, ನೀವು ಹೇಳೂದು ಬ್ಯಾಡ."

ಬಸ್ಸಿಗಾಗಿ ರಸ್ತೆಬದಿಯಲ್ಲಿ ಒಂದು ಗಂಟೆ ನಿಂತೆವು. ಭಾವನ ಗಂಟಲು ಕೂಗಿ ಕೂಗಿ ಬಿದ್ದುಹೋಗಿತ್ತು. ಹೇಳಿದರೆ ಹಗುರಾಗುತ್ತದೆ ಎಂದು ಜನ ಅನ್ನುತ್ತಾರೆ. ಅವರ ಮುಖದಲ್ಲಿ ಅಂಥದ್ದೇನನ್ನೂ ನಾನು ಕಾಣಲಿಲ್ಲ.

ಸುದ್ದಿ ಕುಮಟೆಗೆ ಮುಟ್ಟಲು ವಾರ ಬೇಕಾಗಲಿಲ್ಲ. ವಕೀಲರು ನನಗೆ ಫೋನ್ ಮಾಡಿ, ಯಾರನ್ನು ಕೇಳಿ ಅಲ್ಲಿಗೆ ಹೋದಿರಿ, ಇನ್ನಾದರೂ ನಿಮ್ಮ ಭಾವ ಬಾಯಿ ಮುಚ್ಚಿಕೊಂಡಿರಲಿ ಎಂದರು. ಭಾವ ಪೊಲೀಸರ ಬಳಿಯೂ ಹೋಗುತ್ತೇನೆ ಎಂದು ಕೆಲವು ದಿನ ಹೇಳುತ್ತಿದ್ದರು. ಅಕ್ಕ ಉಣ್ಣುವುದು ಬಿಟ್ಟಳು, ಮಂಗಳೂರಿನಿಂದ ಮಗಳು ಅಳುತ್ತ ಬಂದಳು. ಆ ಮಾತು ಅಲ್ಲಿಗೆ ನಿಂತಿತು. ಅಕ್ಕನ ಬಳಿ ರವಿಕೆ ಹೊಲಿಸುತ್ತಿದ್ದವರಲ್ಲಿ ಕೆಲವರು ಬರುವುದು ಬಿಟ್ಟರು. ಬಂದವರು ಬಟ್ಟೆ ಕೊಟ್ಟು ಕೂರದೆ ಹೋಗುತ್ತಿದ್ದರು.

ಒಂದು ದಿನ ಭಾವ ಸ್ಟೀರಿಂಗ್, ಪೆಡಲ್, ಲ್ಯಾಪ್‌ಟಾಪ್ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ನನ್ನ ಅಂಗಡಿಗೆ ತಂದಿಟ್ಟರು. ನಾನು ಆಟವನ್ನು ಅಳಿಸಿ ಲ್ಯಾಪ್‌ಟಾಪನ್ನು ಅವರ ಮಗಳಿಗೆ ಕಳಿಸಿದೆ. ಈಗ ಚೆನ್ನಾಗಿ ಓಡುತ್ತದೆ ಮಾವ, ಎಂದು ಅವಳು ಮೆಸೇಜ್ ಹಾಕಿದಳು.

ಆ ಮಳೆಗಾಲದಲ್ಲಿ ಅಕ್ಕನ ಮನೆಗೆ ಹೋದಾಗ ಅವಳು ಯಂತ್ರದಿಂದ ಕಣ್ಣೆತ್ತದೆ ಹೇಳಿದಳು: "ಎಂತಾ ಆಗದಿದ್ರೂ ಮನೇಲಿ ಕೂತಿದ್ರು. ಕೂತ್ಕಂಡೇ ಇರ್ತಿದ್ರು. ನೀ ಬಂದು ಅದ್ನ ಸರಿ ಮಾಡ್ದೆ."

"ನಂಗೆ ಗೊತ್ತಿತ್ತಿಲ್ಲ ಅಕ್ಕಾ."

"ವಕೀಲರ ಹತ್ರ ನಲ್ವತ್ತು ಅಂದಾಗ್ಲೂ ನಿಂಗೆ ಗೊತ್ತಿತ್ತಿಲ್ಲ. ಸುಳ್ಳು ಹೇಳಿದ್ದು ನೀ, ಹೊತ್ಕಂಡದ್ದು ಅವ್ರು." ದಾರ ಕಡಿದು ಬಟ್ಟೆ ಮಡಚಿಟ್ಟಳು. "ಚಾ ಕುಡ್ದೇ ಹೋಗು."

ಭಾವ ಅದನ್ನು ಅವಳಿಗೆ ಯಾವಾಗ ಹೇಳಿದ್ದರೋ. ನನ್ನೊಡನೆ ಅವರು ಒಮ್ಮೆಯೂ ಆ ಮಾತು ತೆಗೆದವರಲ್ಲ. ಅಕ್ಕ ಅವತ್ತಿನಿಂದ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಾಳೆ. ಹಬ್ಬಕ್ಕೆ ಕರೆಯುತ್ತಾಳೆ, ಬಡಿಸುತ್ತಾಳೆ, ಮನೆಯವರೆಲ್ಲ ಹೇಗಿದ್ದಾರೆಂದು ಕೇಳುತ್ತಾಳೆ. ಅಷ್ಟೇ.

ಭಾವ ಈಗ ಹೊನ್ನಾವರ ಬಂದರಿನ ಹತ್ತಿರದ ಒಂದು ಐಸ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾರೆ. ಮಂಜುಗಡ್ಡೆಯ ದಿಮ್ಮಿಗಳನ್ನು ಕೊಕ್ಕೆಯಿಂದ ಎಳೆದು ಪುಡಿ ಮಾಡುವ ಯಂತ್ರಕ್ಕೆ ಹಾಕುವುದು, ಪುಡಿಯನ್ನು ಲಾರಿಗಳಿಗೆ ಸುರಿಯುವುದು. ಕುಮಟೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಾರೆ. ಮುಂದೆ ಜಾಗ ಖಾಲಿಯಿದ್ದರೂ ಹಿಂದಿನ ಸೀಟಿಗೆ ಹೋಗಿ ಕೂರುತ್ತಾರೆಂದು ಅವರ ಜೊತೆ ಬರುವವರೊಬ್ಬರು ಹೇಳಿದ್ದರು. ಅವರ ಬೆರಳ ತುದಿಗಳು ಯಾವಾಗಲೂ ಬಿಳಿಚಿಕೊಂಡಿರುತ್ತವೆ. ಕೆಲವೊಮ್ಮೆ ಮಧ್ಯಾಹ್ನ ನಾನು ಅಲ್ಲಿಗೆ ಹೋಗುತ್ತೇನೆ, ಇಬ್ಬರೂ ಗೇಟಿನ ಹೊರಗಿನ ಗೂಡಂಗಡಿಯಲ್ಲಿ ಚಹಾ ಕುಡಿಯುತ್ತೇವೆ. ಮೀನು ಬಂತಾ, ಬಂದಿಲ್ಲವಾ ಎಂಬ ಮಾತಷ್ಟೇ.

ಕಳೆದ ಮಳೆಗಾಲದ ಶುರುವಿನಲ್ಲಿ ಹಾಗೆ ಕೂತಿದ್ದಾಗ ಒಬ್ಬ ಯುವಕ ಬೈಕ್ ನಿಲ್ಲಿಸಿ ಬಂದ. ರೇನ್‌ಕೋಟಿನ ಟೋಪಿ ತೆಗೆದು, ಭಾವನ ಹೆಸರು ಹೇಳಿ, ನೀವೇನಾ ಎಂದು ಕೇಳಿದ. ಭಾವ ಎದ್ದು ನಿಂತರು. ಯಾರೆಂದು ಇಬ್ಬರಿಗೂ ಗೊತ್ತಾಯಿತು. ಕತಗಾಲದ ಜಗಲಿಯಲ್ಲಿ ಕೂತಿದ್ದ ಮುದುಕಿಯ ಮುಖವೇ ಇತ್ತು. ಹೊಡೆಯಲು ಬಂದಿದ್ದಾನೆಂದು ನಾನು ಅಡ್ಡ ಬಂದೆ. ಭಾವ ನನ್ನ ತೋಳು ಹಿಡಿದು ಬದಿಗೆ ಸರಿಸಿದರು.

"ಅಜ್ಜಿ ಹೋಯ್ತು, ಮೊನ್ನೆ," ಎಂದ ಅವನು. "ಅಮ್ಮ ನಿಮ್ಗೆ ತಿಳ್ಸಿ ಬಾ ಅಂದ್ಳು. ಕಾರ್ಯಕ್ಕೆ ಬರೂದು ಬ್ಯಾಡ. ಬರೂದು ಬ್ಯಾಡ ಅಂತ ಹೇಳೂಕೇ ಬಂದೆ."

"ಆತು," ಎಂದರು ಭಾವ.

ಅವನು ಟೋಪಿ ಎಳೆದುಕೊಂಡು ಹೋದ. ಒಳಗೆ ಲಾರಿಯೊಂದು ಹಾರ್ನ್ ಮಾಡಿತು. ಭಾವ ಉಳಿದ ಚಹಾವನ್ನು ಅಲ್ಲೇ ಇಟ್ಟು, ಕೈಗವಸು ಹಾಕಿಕೊಂಡು ಒಳಗೆ ನಡೆದರು.